ಫ್ರೀ ಎಡಿಟರ್‌ನಲ್ಲಿ ಅಜ್ಜಿಯ ತಿಥಿ ಕಾರ್ಡ್ ಮಾಡಿ ನಾನು ಕೆಟ್ಟ ಕತೆ

ಅಜ್ಜಿಯ ವರ್ಷದ ತಿಥಿಗೆ ಕಾರ್ಡ್ ಬೇಕಿತ್ತು. ಹಾಸನದಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೇನೂ ಬರವಿಲ್ಲ. ಆದರೆ ಎಲ್ಲಿ ಹೋದರೂ ಅದೇ ಎರಡು ದೀಪ, ಒಂದು ಕಮಲ, ಮೂಲೆಯಲ್ಲಿ ಹೂಬಳ್ಳಿ. "ಡಿಸೈನ್ ನಾನೇ ಮಾಡಿ ಕೊಡ್ತೀನಿ ಬಿಡಿ" ಎಂದು ಚಿಕ್ಕಪ್ಪನ ಎದುರು ಜಂಬ ಕೊಚ್ಚಿಕೊಂಡೆ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಫೋಟೊ ಮೇಲೆ ಅಕ್ಷರ ಕೂರಿಸುವ ಫ್ರೀ ಎಡಿಟರ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಹುಡುಕಿದಾಗ ಮೊದಲು ಕಂಡದ್ದನ್ನು ತೆರೆದೆ. ಅದರ ಹೆಸರು ಇಲ್ಲಿ ಬೇಡ, ಬಹಳಷ್ಟು ಸೈಟುಗಳ ಕತೆ ಹೆಚ್ಚುಕಮ್ಮಿ ಒಂದೇ. ಊಟದ ಬಿಡುವಿನಲ್ಲಿ ಕೂತು ಒಂದು ಗಂಟೆಯಲ್ಲಿ ಕಾರ್ಡ್ ಮಾಡಿ ಮುಗಿಸಿದೆ. ನಡುವೆ ಅಜ್ಜಿ, ಹಿಂದೆ ತಿಳಿ ಕೆನೆ ಬಣ್ಣ, ಕೆಳಗೆ ದೀಪ. ನಿಜಕ್ಕೂ ಚೆನ್ನಾಗಿತ್ತು. ಡೌನ್‌ಲೋಡ್ ಒತ್ತಿದೆ ನೋಡಿ, ಅಜ್ಜಿಯ ಹಣೆ ಮೇಲೆ ಅಡ್ಡಡ್ಡ ಸೈಟಿನ ಹೆಸರು! ನಾನು ಬಳಸಿದ ದೀಪದ ಚಿತ್ರಕ್ಕೆ ದುಡ್ಡು ಕೊಡಬೇಕಂತೆ. ಆ ಚಿತ್ರದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಿರೀಟದ ಗುರುತು ಇತ್ತು. ಒಂದು ಗಂಟೆ ಹೊತ್ತು ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆ ದೀಪ ತೆಗೆದು ಬೇರೆ ಕಡೆಯಿಂದ ಒಂದು "ಫ್ರೀ ಪಿಎನ್‌ಜಿ" ದೀಪ ತಂದೆ. ಆ ಸೈಟಿನಲ್ಲಿ ಡೌನ್‌ಲೋಡ್ ಬಟನ್ ನಾಲ್ಕು ಇದ್ದವು, ಮೂರು ಜಾಹೀರಾತು. ಹಿನ್ನೆಲೆ ಇಲ್ಲದ ಚಿತ್ರಕ್ಕೆ ಬೂದು-ಬಿಳಿ ಚೌಕುಳಿ ತೋರಿಸುತ್ತಾರಲ್ಲ, ಇದರಲ್ಲಿ ಆ ಚೌಕುಳಿಯೇ ಚಿತ್ರದೊಳಗೆ ಅಂಟಿಕೊಂಡು ಬಂತು. ಕಾರ್ಡ್ ಮೇಲಿಟ್ಟರೆ ಪಗಡೆ ಹಾಸಿನ ಮೇಲೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಸಿಟ್ಟು ಬಂದು ಮೊದಲಿನ ಎಡಿಟರ್ ಸೈಟಿಗೇ ವಾಪಸ್ ಹೋದೆ. ಅಲ್ಲಿ "7 ದಿನ ಉಚಿತ, 1 ರೂಪಾಯಿ ಮಾತ್ರ" ಅಂತ ಕಾದು ಕೂತಿತ್ತು. ಫೋನ್ ತೆಗೆದೆ, ಪಿನ್ ಒತ್ತಿದೆ.

ಒಂದು ರೂಪಾಯಿಗೆ ಒತ್ತಿದ ಆ ಪಿನ್, ಆಟೋಪೇಗೆ, ಅಂದರೆ ಮುಂದೆ ಖಾತೆಯಿಂದ ತಾನಾಗಿ ದುಡ್ಡು ಕಡಿತವಾಗುವುದಕ್ಕೆ ಕೊಟ್ಟ ಒಪ್ಪಿಗೆಯೂ ಆಗಿತ್ತು. ಒಮ್ಮೆ ಒಪ್ಪಿಗೆ ಕೊಟ್ಟರೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಮೆಸೇಜ್ ಬಂದಿತ್ತು ಕೂಡ. ಆದರೆ ಅವತ್ತು ನಾನು ಅರಕಲಗೂಡು ಕಡೆ ಕಾರ್ಡ್ ಹಂಚುತ್ತಾ ಬೈಕ್ ಮೇಲಿದ್ದೆ. ಮಾರನೇ ದಿನ ಖಾತೆಯಿಂದ ಒಂದು ವರ್ಷದ ಚಂದಾ 2,399 ರೂಪಾಯಿ ಹೋಯಿತು. ನೀವೂ ಇಂಥದ್ದಕ್ಕೆ ಎಂದಾದರೂ ಪಿನ್ ಒತ್ತಿದ್ದರೆ, ಈಗಲೇ ಯುಪಿಐ ಆ್ಯಪ್ ತೆಗೆದು ಆಟೋಪೇ ಎಂಬ ಜಾಗ ನೋಡಿ. ಯಾರ್‍ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಅನ್ನುವುದು ಅಲ್ಲಿರುತ್ತದೆ, ರದ್ದು ಮಾಡುವುದೂ ಅಲ್ಲೇ. ನಾನು ಸೈಟಿನ ಅಕೌಂಟ್ ಅಳಿಸಿದರೆ ಸಾಕು ಅಂದುಕೊಂಡಿದ್ದೆ, ಸಾಕಾಗಲಿಲ್ಲ.

ದುಡ್ಡಿನ ಕತೆ ಹಾಗಿರಲಿ. ಕಾರ್ಡಿನ ಗತಿ ಅದಕ್ಕಿಂತ ಕಡೆ.

ಪ್ರೆಸ್‌ಗೆ ಫೈಲ್ ಕಳಿಸಿದೆ. ಊಟದ ಸಮಯ ಬದಲಾಗಿತ್ತು, "ಅದೊಂದು ಸರಿ ಮಾಡಿ" ಅಂದೆ. ಅವರು ಚಿತ್ರವನ್ನಷ್ಟೇ ಉಳಿಸಿಕೊಂಡು ಅಕ್ಷರಗಳನ್ನೆಲ್ಲ ತಮ್ಮ ಸಾಫ್ಟ್‌ವೇರ್‌ಗೆ ಕಾಪಿ ಮಾಡಿದರು. ಸಂಜೆ ವಾಟ್ಸಾಪ್‌ನಲ್ಲಿ ಪ್ರೂಫ್ ಬಂತು. ಅಂಗೈ ಅಗಲದ ಪರದೆಯಲ್ಲಿ ಊಟದ ಸಮಯ ಮಾತ್ರ ಹಿಗ್ಗಿಸಿ ನೋಡಿ "ಓಕೆ ಸಾರ್" ಅಂದೆ. ಮಾರನೇ ದಿನ 150 ಕಾರ್ಡ್ ಕೈಗೆ ಬಂದವು. ಮೇಲೆ ದಪ್ಪ ಅಕ್ಷರದಲ್ಲಿ "ಪುಣ್‌ಯಸ್‌ಮರಣೆ". ಕೆಳಗೆ ನಮ್ಮ ಚಿಕ್ಕಪ್ಪ "ಚಿಕ್‌ಕಪ್‌ಪ" ಆಗಿದ್ದರು. ಒತ್ತಕ್ಷರ ಒಂದೂ ಕೆಳಗಿಳಿದಿರಲಿಲ್ಲ, ಎಲ್ಲವೂ ಸಾಲಾಗಿ ಮೇಲೇ ನಿಂತಿದ್ದವು.

ಇದು ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ನಾವು ಫೋನಿನಲ್ಲಿ, ಬ್ರೌಸರ್‌ನಲ್ಲಿ ಬರೆಯುವುದು ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿ. ಅದರಲ್ಲಿ "ಮ್ಮ" ಅನ್ನುವುದು ಮ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ಮ ಎಂದು ಮೂರು ಸಂಕೇತವಾಗಿ ಉಳಿಯುತ್ತದೆ. ಅವನ್ನು ಸೇರಿಸಿ ಒತ್ತು ಮಾಡಿ ತೋರಿಸುವುದು ಸಾಫ್ಟ್‌ವೇರ್ ಕೆಲಸ. ಫೋಟೊಶಾಪ್‌ನಂಥದ್ದರ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಹಾಕದಿದ್ದರೆ ಅದು ಸೇರಿಸುವುದಿಲ್ಲ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯೂನಿಕೋಡೇ ಗೊತ್ತಿಲ್ಲ. ಅದಕ್ಕೇ ಪ್ರೆಸ್‌ಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಹೊಸದಾಗಿ ಟೈಪ್ ಮಾಡುತ್ತಾರೆ. ನನ್ನದನ್ನು ಟೈಪ್ ಮಾಡದೆ ನೇರ ಅಂಟಿಸಿದ್ದರು. ಪ್ರೆಸ್‌ನವರನ್ನು ಬೈಯೋಣ ಅಂದರೆ, ಪ್ರೂಫ್‌ಗೆ ಓಕೆ ಅಂದವನು ನಾನೇ ಅಲ್ವಾ?

ಇನ್ನು ಫೋಟೊ. ಅಜ್ಜಿಯ ಒಂಟಿ ಫೋಟೊ ನಮ್ಮಲ್ಲಿ ಇರಲಿಲ್ಲ. ಅಕ್ಕನ ಮದುವೆ ಆಲ್ಬಂನ ಗುಂಪು ಫೋಟೊವನ್ನು ನನ್ನ ತಮ್ಮ ತನ್ನ ಫೋನಿನಲ್ಲಿ ತೆಗೆದು ವಾಟ್ಸಾಪ್ ಮಾಡಿದ್ದ. ವಾಟ್ಸಾಪ್ ಅದನ್ನು ಕುಗ್ಗಿಸಿತ್ತು. ಅದರಲ್ಲಿ ಅಜ್ಜಿಯ ಮುಖವಿರುವ ಜಾಗ ಮಾತ್ರ ಕತ್ತರಿಸಿದಾಗ ಉಳಿದದ್ದು ಅಗಲಕ್ಕೆ ಸುಮಾರು 400 ಪಿಕ್ಸೆಲ್. ಕಾರ್ಡಿನಲ್ಲಿ ಅದನ್ನು 3 ಇಂಚು ಅಗಲಕ್ಕೆ ಎಳೆದಿದ್ದೆ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, ನನ್ನದು 133. ಕಂಪ್ಯೂಟರ್ ಪರದೆಗೆ ಅಷ್ಟು ಸಾಕು, ಕಾಗದದ ಮೇಲೆ ಅಜ್ಜಿ ಮಂಜಿನಲ್ಲಿ ನಿಂತ ಹಾಗೆ ಕಂಡರು. ಅವರ ಗಿಳಿಹಸಿರು ಸೀರೆಯೂ ಮಬ್ಬಾಗಿ ಪಾಚಿ ಬಣ್ಣಕ್ಕೆ ತಿರುಗಿತ್ತು. ಪರದೆಯ ಬೆಳಕಿನಲ್ಲಿ ಹೊಳೆಯುವ ಹಸಿರನ್ನು ಪ್ರೆಸ್ಸಿನ ನಾಲ್ಕು ಬಣ್ಣದ ಶಾಯಿಯಲ್ಲಿ ತರಲು ಆಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಿನ್ನೆಲೆ ತೆಗೆಯುವ ಬಟನ್. ಛತ್ರದ ಗೋಡೆ ಬಿಳಿ, ಅಜ್ಜಿಯ ಕೂದಲೂ ಬಿಳಿ. ಆ ಬಟನ್ ಗೋಡೆಯ ಜೊತೆ ಕೂದಲನ್ನೂ ನುಂಗಿ, ಎಡಗಿವಿಯ ಓಲೆಯಲ್ಲಿ ಅರ್ಧ ತಿಂದು, ನೆತ್ತಿಯನ್ನು ಮೊಟ್ಟೆಯ ಹಾಗೆ ನುಣ್ಣಗೆ ಮಾಡಿತ್ತು. ನಾನು ಗಮನಿಸಿಯೇ ಇರಲಿಲ್ಲ. ಅಜ್ಜಿಯ ಮಗಳು, ನಮ್ಮ ಅತ್ತೆಗೆ ಓದಲು ಬರುವುದಿಲ್ಲ, ಒತ್ತಕ್ಷರ ಒಡೆದದ್ದು ಅವರಿಗೆ ಗೊತ್ತಾಗಲಿಲ್ಲ. ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಅವ್ವನ್ ಕೂದ್ಲು ಎಲ್ಲೋ?" ಎಂದು ಕೇಳಿದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಹತ್ತು ಕಾರ್ಡ್ ನೆಂಟರ ಮನೆ ಸೇರಿದ್ದವು. ಉಳಿದದ್ದನ್ನು ತಡೆದು, ಎರಡನೇ ಸಲ ಮಾಡಿಸಿದೆ. ಈ ಸಲ ಆಲ್ಬಂ ಹಿಡಿದುಕೊಂಡು ಸ್ಟುಡಿಯೋಗೆ ಹೋಗಿ 600 ಡಿಪಿಐಗೆ, ಅಂದರೆ ಇಂಚಿಗೆ 600 ಪಿಕ್ಸೆಲ್ ಬರುವ ಹಾಗೆ ಸ್ಕ್ಯಾನ್ ಮಾಡಿಸಿದೆ. ಹಿನ್ನೆಲೆ ತೆಗೆಯಲಿಲ್ಲ, ಛತ್ರದ ಗೋಡೆ ಇದ್ದರೆ ಇರಲಿ ಅಂತ ಬಿಟ್ಟೆ. ಕೆಲಸ ಮಾಡಿದ್ದು ಗಿಂಪ್ ಎಂಬ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ. ಕಂಪ್ಯೂಟರಿಗೆ ಹಾಕಿಕೊಳ್ಳಬೇಕು, ಕಲಿಯಲು ಒಂದೆರಡು ಸಂಜೆ ಬೇಕು, ಆದರೆ ನಿಜವಾಗಿ ಫ್ರೀ. ಒತ್ತಕ್ಷರವೂ ಸರಿಯಾಗಿ ಬರುತ್ತದೆ. ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದೆ, ಅದಕ್ಕೂ ದುಡ್ಡಿಲ್ಲ. ಹಾಳೆಯನ್ನು ಶುರುವಿನಲ್ಲೇ 1748 ಗುಣಿಸು 2480 ಪಿಕ್ಸೆಲ್ ಇಟ್ಟೆ, ಎ5 ಕಾರ್ಡಿಗೆ 300 ಡಿಪಿಐ ಅಂದರೆ ಅಷ್ಟು. ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟು, "ಇದರಲ್ಲಿ ಏನೂ ಮುಟ್ಟಬೇಡಿ, ತಪ್ಪಿದ್ದರೆ ನಾನೇ ತಿದ್ದಿ ತರ್ತೀನಿ" ಅಂದೆ. ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಪದ ಓದಿದೆ. ಆ ಪ್ರೂಫ್‌ಗೆ ಅವರು ಮೂವತ್ತು ರೂಪಾಯಿ ತೆಗೆದುಕೊಂಡರು.

2,399 ರೂಪಾಯಿಗೆ ಸೈಟಿನವರಿಗೆ ಮೂರು ಮೇಲ್ ಹಾಕಿದ್ದೇನೆ. ಮೂರಕ್ಕೂ ಯಂತ್ರ ಒಂದೇ ಉತ್ತರ ಕಳಿಸಿದೆ. ಮೊದಲ ಸಲದ 140 ಕಾರ್ಡ್ ಕಟ್ಟು ಇನ್ನೂ ಮನೆಯಲ್ಲೇ ಇದೆ. ರದ್ದಿಗೆ ಹಾಕೋಣ ಅಂದರೆ ಅಮ್ಮ ಬಿಡುವುದಿಲ್ಲ. "ಹೆಂಗೇ ಬಂದಿರ್ಲಿ, ಅತ್ತೆ ಫೋಟೊ ಕಣೋ" ಅನ್ನುತ್ತಾರೆ. ಸದ್ಯಕ್ಕೆ ಬೀರು ಮೇಲೆ, ಹಳೇ ಪೇಪರ್ ಸುತ್ತಿಕೊಂಡು ಕೂತಿದೆ.