37ನೇ ವಯಸ್ಸಲ್ಲಿ ಸ್ಟೂಡೆಂಟ್ ಬಸ್ ಪಾಸ್: ಬೇಲೂರು–ಹಾಸನ ಒಂದ್ ವರ್ಷ ಓಡಾಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಂಗೆ 37 ವರ್ಷ, ಮೀಸೆ ಅಂಚಲ್ಲಿ ಬಿಳಿ ಕೂದ್ಲು ಇಣುಕ್ತಾ ಇದೆ, ಮಗ ಆರನೇ ಕ್ಲಾಸು. ಆದ್ರೂ ನಾನು ಸ್ಟೂಡೆಂಟು. ಹಾಸನದಲ್ಲಿ ಒಂದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡು, ಎರಡ್ ವರ್ಷದ್ದು. ಹದಿನೆಂಟ್ ವರ್ಷದಿಂದ ಬೇಲೂರು ಸುತ್ತಮುತ್ತ ಮನೆ ವೈರಿಂಗು, ತೋಟದ ಪಂಪ್‌ಸೆಟ್ಟು ಅಂತ ಮಾಡ್ಕೊಂಡೇ ಬಂದಿರೋನು, ಆದ್ರೆ ಕೈಲಿ ಸರ್ಟಿಫಿಕೇಟ್ ಇಲ್ದೋನಿಗೆ ದೊಡ್ಡ ಕೆಲಸ ಯಾರ್ ಕೊಡ್ತಾರೆ ಹೇಳಿ. ಐಟಿಐಗೆ ಸೇರಕ್ಕೆ ಕಮ್ಮಿ ಅಂದ್ರೆ 14 ವರ್ಷ ಆಗಿರ್ಬೇಕು, ಮೇಲಕ್ಕೆ ವಯಸ್ಸಿನ ಲಿಮಿಟ್ ಇಲ್ಲ ಅಂತ ಯಾರೋ ಹೇಳಿದ್ರು, ವಿಚಾರಿಸ್ದೆ, ನಿಜ. ಸೇರ್ಕೊಂಡೆ. ಆಮೇಲೆ ತಲೆಗೆ ಬಂದಿದ್ದೇ ದಿನಾ ಬೇಲೂರಿಂದ ಹಾಸನಕ್ಕೆ ಹೋಗ್ಬರೋ ಖರ್ಚು.

ಅದಕ್ಕೇ ಈ ರಿವ್ಯೂ. ಸರ್ಕಾರಿ ಬಸ್ಸಿನ ಸ್ಟೂಡೆಂಟ್ ಪಾಸ್ ಚಿಕ್ಕ ಮಕ್ಕಳಿಗೆ ಮಾತ್ರ ಅಂತ ನಾನೂ ಅಂದ್ಕೊಂಡಿದ್ದೆ, ಹಂಗಲ್ಲ. ಪಿಯುಸಿ ಡಿಗ್ರಿ ಡಿಪ್ಲೊಮಾದವ್ರಿಗೆ ಒಂದ್ ರೇಟು, ಐಟಿಐಗೆ ಇನ್ನೊಂದು, ಈವ್ನಿಂಗ್ ಕಾಲೇಜು ಪಿಎಚ್‌ಡಿ ಅವ್ರಿಗೂ ಬೇರೆ ರೇಟಿದೆ, ಅಂದ್ರೆ ಹಗಲು ಕೆಲಸ ಮಾಡಿ ಸಾಯಂಕಾಲ ಓದೋರನ್ನೂ ಲೆಕ್ಕಕ್ಕೆ ತಗೊಂಡಿದಾರೆ ಅಂತ ತಾನೆ. ನಾನು 2024ರಲ್ಲಿ ಮಾಡ್ಸಿದಾಗ ಡಿಗ್ರಿಯವ್ರಿಗೆ 1050, ಈವ್ನಿಂಗ್ ಕಾಲೇಜಿಗೆ 1350, ಇವೆರಡೂ 10 ತಿಂಗಳಿಗೆ. ನಮ್ ಐಟಿಐಗೆ 1310, ಆದ್ರೆ ಅದು ಪೂರ್ತಿ 12 ತಿಂಗಳು. ಎಸ್‌ಸಿ ಎಸ್‌ಟಿ ಹುಡುಗ್ರಿಗೆ ಐಟಿಐ ಪಾಸ್ 160 ಅಷ್ಟೆ.

ಲೆಕ್ಕ ಹಾಕಿ ನೋಡಿ. ಬೇಲೂರಿಂದ ಹಾಸನ ಹತ್ರತ್ರ 40 ಕಿಲೋಮೀಟರು, ಒಂದ್ ಸೈಡಿಗೆ 50 ರೂಪಾಯಿ ಅಂತ ಇಟ್ಕೊಂಡ್ರೂ ದಿನಕ್ಕೆ ನೂರು, ಹದಿನಾಲ್ಕನೇ ದಿನಕ್ಕೆ ಪಾಸಿನ ದುಡ್ಡು ಹುಟ್ಟೋಯ್ತು, ಮಿಕ್ಕಿದ್ದೆಲ್ಲ ಉಳಿತಾಯ. ಇದ್ರ ಮೇಲೆ 2025ರ ಜನವರಿ 5ಕ್ಕೆ ಬಸ್ ಚಾರ್ಜು 15 ಪರ್ಸೆಂಟ್ ಜಾಸ್ತಿ ಆಯ್ತಲ್ಲ, ಆವತ್ತು ಬಸ್ಸಲ್ಲಿ ಎಲ್ರೂ ಕಂಡಕ್ಟರ್ ಮೇಲೆ ರೇಗ್ತಾ ಇದ್ರೆ ನಾನು ಪಾಸ್ ತೋರ್ಸಿ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದೆ, ಒಂದ್ ರೂಪಾಯಿ ಎಕ್ಸ್ಟ್ರಾ ಕೊಟ್ಟಿಲ್ಲ.

ಪಾಸ್ ಮಾಡ್ಸೋ ಕಥೆ ಮಾತ್ರ ಕೇಳ್ಬೇಡಿ. ಅರ್ಜಿ ಹಾಕೋದು ಸೇವಾಸಿಂಧು ಪೋರ್ಟಲ್ಲಲ್ಲಿ, ಅದೇನ್ ಬ್ರಹ್ಮವಿದ್ಯೆ ಅಲ್ಲ. ಆಧಾರು, ಫೋಟೋ, ಎಲ್ಲಿಂದ ಎಲ್ಲಿಗೆ, ಯಾವ ಕೌಂಟರಲ್ಲಿ ಪಾಸ್ ತಗೋತೀರ, ಇಷ್ಟೆ. ನಾನು ಗ್ರಾಮ ಒನ್ನಿಗೆ ಹೋಗೋದ್ ಬಿಟ್ಟು ಊರಲ್ಲಿ ಒಂದು ಸೈಬರ್ ಅಂಗಡಿಗೆ ಹೋದೆ, ಪರಿಚಯದ ಹುಡುಗ ಅಂತ, ಅವ್ನು ಫೋನಲ್ಲಿ ಯಾರ್ ಜೊತೇಲೋ ಮಾತಾಡ್ಕೊಂಡೇ ಫಾರಂ ತುಂಬ್ಸಿ ವಯಾ ಅನ್ನೋ ಜಾಗದಲ್ಲಿ ಹಳೇಬೀಡು ಅಂತ ಹಾಕ್ಬಿಟ್ಟಿದ್ದ! ನಾನ್ ದಿನಾ ಹೋಗೋದು ಹಗರೆ ಮೇಲೆ ನೇರ ಹಾಸನಕ್ಕೆ, ಹಳೇಬೀಡಿಗೂ ನಂಗೂ ಏನ್ ಸಂಬಂಧ, ದೇವಸ್ಥಾನ ನೋಡಕ್ ಹೊಂಟಿದೀನಾ? ಪುಣ್ಯಕ್ಕೆ ಪ್ರಿಂಟ್ ತಗೊಂಡಾಗ ಕಣ್ಣಿಗ್ ಬಿತ್ತು. ತಿದ್ದೋಕೆ ಮತ್ತೆ ದುಡ್ಡು ಕೇಳ್ದ, ಜಗಳ ಆಡಿ ಕೊಡ್ಲಿಲ್ಲ. ಯಾರೇ ತುಂಬ್ಸಿದ್ರೂ ರೂಟನ್ನ ನೀವೇ ಓದಿ ಆಮೇಲೆ ಸಬ್ಮಿಟ್ ಮಾಡ್ಸಿ.

ಅದಕ್ಕಿಂತ ದೊಡ್ ತಲೆನೋವು ನಮ್ ಐಟಿಐ ಆಫೀಸು. ಇವ್ರು ಇಲ್ಲೇ ಓದ್ತಾ ಇದಾರೆ ಅಂತ ಒಂದು ಲೆಟರ್ ಬೇಕಿತ್ತು, ಸೀಲು ಸಹಿ ಹಾಕಿದ್ದು. ಮೂರ್ ದಿನ ಅಲೆಸಿದ್ರು. ಮೊದಲ್ನೇ ದಿನ ಸೀಲ್ ಇದ್ದ ಬೀರುವಿನ ಕೀಲಿ ಇಲ್ಲ, ಎರಡ್ನೇ ದಿನ ಸಹಿ ಹಾಕೋರು ಮೀಟಿಂಗಿಗೆ ಹೋಗಿದಾರೆ, ಮೂರ್ನೇ ದಿನ ಹೋಗಿ ನಿಂತ್ರೆ ಕ್ಲರ್ಕ್ ಮೇಡಮ್ಮು ಕನ್ನಡಕ ಮೇಲ್ ಮಾಡಿ ನೋಡಿ ‘ಸರ್, ಪೇರೆಂಟ್ಸ್ ಎಲ್ಲ ಹೊರಗಡೆ ಬೆಂಚಲ್ಲಿ ಕೂತ್ಕೊಳ್ಳಿ, ಹುಡುಗನ್ನ ಕಳ್ಸಿ’ ಅಂದ್ರು. ಹುಡುಗ ನಾನೇ ಮೇಡಂ ಅಂದೆ. ಹಿಂದೆ ಕ್ಯೂನಲ್ಲಿದ್ದ ನಮ್ ಬ್ಯಾಚಿನ ಹುಡುಗ್ರು ಬಿದ್ದು ಬಿದ್ದು ನಕ್ಕಿದ್ದು ಇನ್ನೂ ಕಿವೀಲಿದೆ, ಈಗ್ಲೂ ನನ್ನ ಪೇರೆಂಟ್ಸು ಅಂತಾನೇ ಕರೆಯೋದು.

ಲೆಟರ್ ಸಿಕ್ಮೇಲೆ ಎಲ್ಲಾ ಸಲೀಸು. ಅಪ್ರೂವ್ ಆಗಿದೆ ಅಂತ ಮೆಸೇಜ್ ಬಂತು, ಕೌಂಟರಿಗೆ ಹೋಗಿ ಅಸಲಿ ಕಾಗದ ತೋರ್ಸಿ ಫೋನ್‌ಪೇ ಮಾಡ್ದೆ, ಅಲ್ಲೇ ಕೈಗೆ ಕೊಟ್ರು, ಹತ್ ನಿಮಿಷ ಹಿಡೀಲಿಲ್ಲ.

ಇನ್ನು ಬಸ್ಸೊಳಗೆ. ಮೊದಲ್ನೇ ವಾರ ದಿನಾ ಒಂದೇ ನಾಟಕ. ಬೆಳಗ್ಗೆ ಏಳೂವರೆ ಬಸ್ಸಲ್ಲಿ ಕಂಡಕ್ಟರಣ್ಣ ಪಾಸ್ ಇಸ್ಕೊಂಡು ಫೋಟೋ ನೋಡಿ ನನ್ ಮುಖ ನೋಡಿ ‘ಯಜಮಾನ್ರೆ, ಮಗನ್ ಪಾಸಲ್ಲಿ ಅಪ್ಪ ಓಡಾಡಂಗಿಲ್ಲ’ ಅಂದ್ರು. ‘ಫೋಟೋ ನಂದೇ ಕಣಣ್ಣ, ನೋಡಿ ಸರೀಗೆ’ ಅಂದೆ. ಆಯಪ್ಪ ಇನ್ನೊಂದ್ ಸಲ ನೋಡಿ, ಐಡಿ ಕಾರ್ಡೂ ನೋಡಿ, ಏನೂ ಮಾತಾಡ್ದೆ ಮುಂದಕ್ ಹೋದ್ರು. ಅದ್ರಲ್ಲಿ ಅವ್ರ ತಪ್ಪೇನಿಲ್ಲ ಬಿಡಿ. ಆಮೇಲಾಮೇಲೆ ಪರಿಚಯ ಆಯ್ತು, ಈಗ ಬಸ್ ಹತ್ತಿದ ತಕ್ಷಣ ‘ಬಂದ್ರಪ್ಪ ಹುಡುಗ್ರು’ ಅಂತಾರೆ, ಮನೇಲಿ ಯುಪಿಎಸ್ ಕೆಟ್ಟಾಗ ನನ್ನನ್ನೇ ಕರ್ಸಿದ್ರು.

ಸೀಟ್ ವಿಷ್ಯ ಕೇಳ್ಬೇಡಿ, ಪಾಸ್ ಇದ್ರೆ ಸೀಟ್ ಗ್ಯಾರಂಟಿ ಅಂತೇನಿಲ್ವಲ್ಲ. ಬೆಳಗ್ಗೆ ಆಫೀಸ್‌ನವ್ರು, ಗಾರ್ಮೆಂಟ್ಸ್ ಹೆಣ್ಮಕ್ಳು, ಕಾಲೇಜ್ ಹುಡುಗ್ರು ಎಲ್ಲಾ ಒಂದೇ ಟೈಮು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ್ಮೇಲೆ ಹೆಂಗಸ್ರಿಗೆ ಫ್ರೀ ಆಯ್ತಲ್ಲ, ಹಂಗಾಗಿ ನಮ್ ಬ್ಯಾಚಿನ ಹುಡುಗೀರು ಪಾಸ್ ಮಾಡ್ಸೋ ಗೋಜಿಗೇ ಹೋಗಿಲ್ಲ, ಕರ್ನಾಟಕದ ಅಡ್ರೆಸ್ಸಿರೋ ಆಧಾರ್ ತೋರ್ಸಿದ್ರೆ ಮುಗೀತು. ನನ್ ಹೆಂಡ್ತಿ ಹಾಸನಕ್ಕೆ ಬಂದಾಗೆಲ್ಲ ‘ನಿಂಗೆ 1310, ನಂಗೆ ಸೊನ್ನೆ’ ಅಂತ ಆಡ್ಕೋತಾಳೆ. ಅವ್ಳ್ ಆಡ್ಕೊಂಡ್ರೆ ಆಡ್ಕೊಳ್ಲಿ, ನಮ್ಮೂರ್ ಹುಡುಗೀರು ಈ ಎರಡ್ ವರ್ಷದಲ್ಲಿ ಹಾಸನಕ್ಕೆ ಓದಕ್ಕೆ ಹೋಗ್ತಾ ಇರೋದನ್ನ ನಾನು ಕಣ್ಣಾರೆ ನೋಡಿದೀನಿ, ಮೊದ್ಲು ಪಿಯುಸಿಗೇ ನಿಲ್ಲಿಸ್ತಿದ್ರು.

ಬೇರೆ ಕಡೆಯವ್ರಿಗೆ ಎರಡ್ ಮಾತು. ಪಾಸಿಗೆ 60 ಕಿಲೋಮೀಟರಿನ ಲಿಮಿಟ್ ಇದೆ. ನಮ್ ಬೇಲೂರು, ಸಕಲೇಶಪುರ, ಚನ್ನರಾಯಪಟ್ಟಣ, ಅರಸೀಕೆರೆಯವ್ರಿಗೆ ಹಾಸನ ಆರಾಮಾಗಿ ಒಳಗೇ ಬರುತ್ತೆ, ಚಿಕ್ಕಮಗಳೂರಿಂದ ದಿನಾ ಹಾಸನಕ್ಕೆ ಬರೋರು ಮಾತ್ರ ಸೇರೋಕ್ ಮುಂಚೇನೇ ಕೌಂಟರಲ್ಲಿ ಕೇಳ್ಕೊಳ್ಳಿ, ದೂರ ಅಂಚಲ್ಲೇ ಇದೆ. ಮಲೆನಾಡ್ ಕಡೆ ಕೊಪ್ಪ ಶೃಂಗೇರಿಯವ್ರು ಪ್ರೈವೇಟ್ ಬಸ್ಸನ್ನೇ ನಂಬಿದ್ರೆ ಈ ಪಾಸ್ ಅಲ್ಲಿ ನಡೆಯಲ್ಲ. ರಾಜಹಂಸ ಐರಾವತ ಕೇಳೋದೇ ಬೇಡ. ಮತ್ತೆ ಐಡಿ ಕಾರ್ಡು ಜೇಬಲ್ಲೇ ಇರ್ಲಿ, ನನ್ ವಯಸ್ಸಿನೋರಿಗಂತೂ ಪಾಸಿಗಿಂತ ಅದೇ ಮುಖ್ಯ.

ಸ್ಟಾರ್ ಕೊಡಿ ಅಂದ್ರೆ ಪಾಸಿಗೆ ಐದಕ್ಕೆ ನಾಲ್ಕೂವರೆ, ಲೆಟರ್ ಕೊಟ್ಟ ನಮ್ ಆಫೀಸಿಗೆ ಒಂದು, ಅದೂ ಆ ಮೇಡಮ್ಮು ಆಮೇಲೆ ಸಾರಿ ಕೇಳಿ ಟೀ ಕೊಟ್ಟಿದ್ದಕ್ಕೆ.

ಹಳೇ ಪಾಸ್ ಮುಗೀತು, ಈ ಸಲ ಸೈಬರ್ ಕಡೆ ತಲೆ ಹಾಕ್ಲಿಲ್ಲ. ಮಗನೇ ನನ್ ಮೊಬೈಲ್ ಹಿಡ್ಕೊಂಡು ಅರ್ಜಿ ತುಂಬ್ಸಕ್ಕೆ ಕೂತ. ವರ್ಷ ಹಾಕೋ ಜಾಗ ಬಂದಾಗ ನಿಲ್ಸಿ ನನ್ ಕಡೆ ತಿರುಗಿ ಕೇಳ್ದ, ‘ಅಪ್ಪಾ, ಸೆಕೆಂಡ್ ಇಯರ್ ಅಂತ ಹಾಕ್ಲಾ, ಫೇಲ್ ಆಗಿಲ್ಲ ತಾನೆ?’