ಹಾಸನದ ಶೂಟಿಂಗ್ ರೇಂಜಿನಲ್ಲಿ ಮೂರು ಪಿಸ್ತೂಲಿನ ಟ್ರಿಗರ್ ಎಳೆದು ನೋಡಿದೆ

ಎರಡು ಭಾನುವಾರ ಸಕಲೇಶಪುರದಿಂದ ಹಾಸನಕ್ಕೆ ಹೋಗಿ ಬಂದೆ. ಕೆಲಸ ಒಂದೇ. ಹತ್ತು ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು, ಅಂದರೆ ಗಾಳಿಯ ಒತ್ತಡದಲ್ಲಿ ಹೊಡೆಯುವ ಪಿಸ್ತೂಲು ಕೊಳ್ಳಬೇಕು, ಅದಕ್ಕೆ ಮೊದಲು ಟ್ರಿಗರ್ ಎಳೆದು ನೋಡಬೇಕು. ಇಷ್ಟು ದಿನ ರೇಂಜಿನವರ ಪಿಸ್ತೂಲಲ್ಲೇ ಹೊಡೆಯುತ್ತಿದ್ದೆ. ಒಳ್ಳೆಯ ಮ್ಯಾಚ್ ಪಿಸ್ತೂಲಿಗೆ ಲಕ್ಷದ ಮೇಲೆ ಬೀಳುತ್ತದೆ. ನಮ್ಮದು ಕಾಫಿ ತೋಟ, ದುಡ್ಡು ಕೈಗೆ ಬರೋದು ವರ್ಷಕ್ಕೊಮ್ಮೆ. ಫೋಟೋ ನೋಡಿ ತಗೊಳ್ಳುವ ಸಾಮಾನಲ್ಲ ಇದು.

ರೇಂಜಿಗೆ ಬರುವ ಮೂವರು ತಮ್ಮ ತಮ್ಮ ಪಿಸ್ತೂಲು ಕೊಟ್ಟರು. ಸ್ಟೆಯರ್ ಎಲ್‌ಪಿ10, ಮೊರಿನಿ 162 ಇಐ, ಪಾರ್ಡಿನಿ ಕೆ12. ಮೂರರ ಮರದ ಗ್ರಿಪ್ಪನ್ನೂ ಅವರವರ ಕೈಗೆ ತಕ್ಕಂತೆ ಅರದಲ್ಲಿ ಉಜ್ಜಿ, ಕಮ್ಮಿ ಬಿದ್ದ ಕಡೆ ಪುಟ್ಟಿ ಮೆತ್ತಿ ಸರಿ ಮಾಡಿಕೊಂಡಿದ್ದರು. ಇಂಥ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಅವರಿಗೆ ನಾನು ಋಣಿ.

ಸ್ಪರ್ಧೆಯ ನಿಯಮದಲ್ಲಿ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ನಳಿಗೆಯನ್ನು ಮೇಲ್ಮುಖ ಹಿಡಿದು, ಟ್ರಿಗರ್‌ಗೆ ತೂಕದ ಬಟ್ಟು ಸಿಕ್ಕಿಸಿ ಮೇಲಕ್ಕೆತ್ತುತ್ತಾರೆ. ಬಟ್ಟು ಏಳುವ ಮೊದಲೇ ಟ್ರಿಗರ್ ಬಿಟ್ಟುಕೊಂಡರೆ ಪಿಸ್ತೂಲು ಪಾಸಾಗುವುದಿಲ್ಲ. ಮೂರನ್ನೂ ನನ್ನ ಕಣ್ಣೆದುರೇ ತೂಗಿದರು. ಮೂರೂ 500ರ ಮೇಲೆ ಸ್ವಲ್ಪವೇ ಜಾಸ್ತಿ. ಹಾಗಾದರೆ ಮೂರೂ ಒಂದೇ ಥರ ಇರಬೇಕು, ಅಲ್ವಾ? ಇಲ್ಲ. ಬೆರಳಿಗೆ ಮೂರೂ ಬೇರೆ ಬೇರೆ.

ಗುರಿಯ ಜಾಗಕ್ಕೆ ಬಿಳಿ ಕಾರ್ಡ್ ಹಾಕಿಸಿಕೊಂಡೆ. ಕಪ್ಪು ವೃತ್ತ ಇದ್ದರೆ ಕಣ್ಣು ಅಲ್ಲೇ ಹೋಗುತ್ತದೆ, ಬೆರಳಿನ ಸುದ್ದಿ ಕೇಳಿಸುವುದಿಲ್ಲ. ಒಂದೊಂದರಲ್ಲಿ ಇಪ್ಪತ್ತು ಸಲ ಪೆಲೆಟ್ (ಸಣ್ಣ ಗುಂಡು) ಇಲ್ಲದೆ ಡ್ರೈ ಫೈರ್, ಆಮೇಲೆ ಇಪ್ಪತ್ತು ಪೆಲೆಟ್.

ಮೊದಲು ಸ್ಟೆಯರ್. ಬೆರಳು ಇಟ್ಟ ಕೂಡಲೇ ಟ್ರಿಗರ್ ಒಂದಿಷ್ಟು ಹಗುರಾಗಿ ಹಿಂದೆ ಬರುತ್ತದೆ. ಇದು ಫಸ್ಟ್ ಸ್ಟೇಜ್. ಆಮೇಲೆ ಒಂದು ತಡೆ, ಸೆಕೆಂಡ್ ಸ್ಟೇಜ್ ಶುರುವಾಗುವುದು ಅಲ್ಲಿ. ಎಂಥಾ ತಡೆ ಅಂದರೆ, ಬೆರಳನ್ನು ಅಲ್ಲಿ ಒರಗಿಸಿಕೊಂಡು ನಿಲ್ಲಬಹುದು. ಉಸಿರು ಅರ್ಧ ಬಿಟ್ಟು, ಕಾಯುತ್ತಾ, ಒತ್ತಡ ಮಾತ್ರ ಏರಿಸುತ್ತಾ ಹೋದೆ. ಯಾವಾಗ ಬಿಟ್ಟುಕೊಂಡಿತೋ ಗೊತ್ತಾಗಲಿಲ್ಲ. ಕುಯ್ಲಿನ ಕಾಲದಲ್ಲಿ ಪೂರ್ತಿ ಕೆಂಪಾದ ಕಾಫಿ ಹಣ್ಣಿಗೆ ಬೆರಳು ತಾಗಿಸಿದರೆ ಸಾಕು, ತಾನೇ ಕಳಚಿ ಕೈಗೆ ಬರುತ್ತದೆ. ಅದೇ ಥರ. ಕಾಯಿಯಾಗಿದ್ದರೆ ತೊಟ್ಟೇ ಕಿತ್ತುಕೊಂಡು ಬರುತ್ತದೆ, ರೆಂಬೆಯೂ ಅಲ್ಲಾಡುತ್ತದೆ. ಕೆಟ್ಟ ಟ್ರಿಗರ್ ಅಂದರೆ ಅದು. ಬಿಟ್ಟುಕೊಂಡ ಮೇಲೆ ಸ್ಟೆಯರ್ ಟ್ರಿಗರ್ ಹಿಂದಕ್ಕೆ ಓಡುವುದೂ ಇಲ್ಲ, ಅಲ್ಲೇ ನಿಲ್ಲುತ್ತದೆ. ಅದಕ್ಕೂ ಒಂದು ಸ್ಕ್ರೂ ಇದೆ.

ಮೊರಿನಿ ಎಲೆಕ್ಟ್ರಾನಿಕ್. ಬೆರಳು ಒತ್ತಿದಾಗ ಒಳಗೆ ಸ್ವಿಚ್ ಕೂಡುತ್ತದೆ, ಮುಂದಿನ ಕೆಲಸ ಬ್ಯಾಟರಿಯದು. ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿಲ್ಲ. ಇಷ್ಟು ಶುದ್ಧವಾದ ಟ್ರಿಗರನ್ನು ನಾನು ಮುಟ್ಟಿದ್ದೇ ಇಲ್ಲ. ಆದರೆ ಮನೆಯಲ್ಲಿ ಮಾವನವರ ಜೋಡಿ ನಳಿಗೆ ಕೋವಿ ನೋಡಿಕೊಂಡು ಬಂದವಳು ನಾನು. ಅದರ ಟ್ರಿಗರ್‌ಗೆ ಇಡೀ ಬೆರಳಿನ ಬಲ ಬೇಕು. ವರ್ಷಾನುಗಟ್ಟಲೆ ಹಣ್ಣು ಕುಯ್ದು ನನ್ನ ಬೆರಳ ತುದಿಯೂ ಒರಟು. ಮೊರಿನಿಯಲ್ಲಿ ಎರಡು ಸಲ ನಾನು ಸಿದ್ಧವಾಗುವ ಮೊದಲೇ ಪೆಲೆಟ್ ಹೋಗಿಬಿಟ್ಟಿತು. ತಪ್ಪು ಪಿಸ್ತೂಲಿನದಲ್ಲ, ನನ್ನ ಚರ್ಮದ್ದು. ಎಳೆ ಬೆರಳಿನ ಹುಡುಗರಿಗೆ ಇದನ್ನೇ ತಗೊಳ್ಳಿ ಅನ್ನುತ್ತೇನೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ರೇಂಜಿಗೆ ಹುಡುಗಿಯರು ಬರುತ್ತಿದ್ದಾರೆ. ನೋಡಿದರೆ ಹೊಟ್ಟೆ ತುಂಬುತ್ತದೆ.

ಪಾರ್ಡಿನಿಯ ಬಗ್ಗೆ ನ್ಯಾಯವಾಗಿ ಹೇಳುವುದು ಕಷ್ಟ. ಗ್ರಿಪ್ ದೊಡ್ಡ ಕೈಯವರದು, ನನ್ನ ಬೆರಳು ಟ್ರಿಗರ್‌ಗೆ ಓರೆಯಾಗಿ ಬೀಳುತ್ತಿತ್ತು. ನೇರ ಹಿಂದಕ್ಕೆ ಬರಬೇಕಾದ ಒತ್ತಡ ಪಕ್ಕಕ್ಕೆ ಹೋಯಿತು, ಪೆಲೆಟ್ ಎಡಕ್ಕೆ. "ಅಕ್ಕ, ಟ್ರಿಗರ್ ಬೈಬೇಡಿ, ಗ್ರಿಪ್ ನೋಡಿ" ಅಂದ ಕೋಚ್ ಹುಡುಗ. ನಿಜ. ಗ್ರಿಪ್ ಕೂರದಿದ್ದರೆ ಎಂಥ ಟ್ರಿಗರ್ ಆದರೂ ತನ್ನ ಗುಣ ತೋರಿಸಲಾರದು. ಸಣ್ಣ ಗ್ರಿಪ್ ಇರುವ ಕೆ12 ಸಿಕ್ಕರೆ ಮತ್ತೆ ಹೊಡೆದು ನೋಡುತ್ತೇನೆ.

ನಾಲ್ಕನೆಯದೊಂದು ಇತ್ತು, ಸೆಕೆಂಡ್ ಹ್ಯಾಂಡ್, ಮಾರಾಟಕ್ಕೆ. ಕಂಪನಿ ಹೆಸರು ಬೇಡ, ಅದರ ತಪ್ಪಲ್ಲ. ಹಿಂದೆ ಇಟ್ಟುಕೊಂಡವರು ಯಾರೋ ಒಳಗೆ ಅರ ಹಾಕಿದ್ದಾರೆ. ಸೆಕೆಂಡ್ ಸ್ಟೇಜಿನ ನಡುವೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತಿತ್ತು, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಿಟ್ಟುಕೊಳ್ಳುತ್ತಿತ್ತು. ಬೆಲೆ ಅರ್ಧ ಅಂತ ಮನಸ್ಸು ಮಾಡಬೇಡಿ. ಟೆನ್, ಅಂದರೆ ಗುರಿಯ ನಟ್ಟನಡುವಿನ ಹತ್ತು ಅಂಕದ ವೃತ್ತ, ಬರೀ 11.5 ಮಿಲಿಮೀಟರ್ ಅಗಲ, ಒಂದು ಕಾಫಿ ಬೀಜದಷ್ಟು. ಅಂಥ ಟ್ರಿಗರ್ ಕಟ್ಟಿಕೊಂಡು ಅಲ್ಲಿಗೆ ಮುಟ್ಟುವುದು ಹೇಗೆ?

ರೇಂಜಿನ ಬಗ್ಗೆಯೂ ಎರಡು ಮಾತು. ಬೆಳಕು ಚೆನ್ನಾಗಿದೆ, ಸುರಕ್ಷತೆಯ ವಿಷಯದಲ್ಲಿ ಕಟ್ಟುನಿಟ್ಟು, ಯಾರೂ ಅವಸರ ಮಾಡುವುದಿಲ್ಲ. ಮೇಲೆ ತಗಡಿನ ಶೀಟ್. ಜೋರು ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಎರಡನೇ ಭಾನುವಾರ ಹಾಗೇ ಆಯಿತು. ಕ್ಲಿಕ್ ಶಬ್ದ ಕಿವಿಗೆ ಬೀಳಲೇ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಯಿತು. ಆ ಮಳೆಯಲ್ಲೇ ಸ್ಟೆಯರ್ ಅಂತ ತೀರ್ಮಾನ ಮಾಡಿದೆ. ಸಣ್ಣ ಗ್ರಿಪ್, ಟ್ರಿಗರ್ ತೂಕ 520 ಗ್ರಾಂಗೆ ಇಟ್ಟುಕೊಡಿ ಅಂತ ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ.