ಅಡಿಕೆ ಬುಡಕ್ಕೆ ಯಾವ ಹೊದಿಕೆ? ದರಗು, ಸೋಗೆ, ಸಿಪ್ಪೆ ಮೂರನ್ನೂ ಹಾಕಿ ನೋಡಿದೆ

ನಮ್ಮ ತೋಟ ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕಪ್ಪಿನಲ್ಲಿ (ಸಾಲುಗಳ ನಡುವಿನ ಬಸಿಗಾಲುವೆ) ನೀರು ಹರಿಯುತ್ತಲೇ ಇರುತ್ತದೆ. ಅದೇ ತೋಟದ ಮಣ್ಣು ಏಪ್ರಿಲ್ ಹೊತ್ತಿಗೆ ಬಿರಿಯುತ್ತದೆ. ಇಷ್ಟು ಮಳೆಯ ಊರಲ್ಲಿ ನೀರಿಗೆ ತತ್ವಾರ ಅಂದರೆ ಬಯಲುಸೀಮೆಯ ನೆಂಟರಿಗೆ ಆಶ್ಚರ್ಯ. ಆದರೆ ಇಳಿಜಾರಿನ ಜಾಗದಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ. ಅಡಿಕೆಯ ಬೇರೂ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಮೇಲಿನ ಎರಡು ಅಡಿ ಮಣ್ಣಿನಲ್ಲೇ ಅದರ ಬದುಕು. ಆ ಎರಡಡಿ ಒಣಗಿದರೆ ಮುಂದಿನ ವರ್ಷದ ಫಸಲಿಗೇ ಏಟು.

ಹಾಗಾಗಿ ಹಸ್ತ, ಚಿತ್ತಾ ಮಳೆ ಸುರಿದು ಮಣ್ಣು ಹಸಿಯಾಗಿರುವಾಗಲೇ ಬುಡ ಮುಚ್ಚಬೇಕು. ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆ, ತೋಟಕ್ಕೆ ಚರಗ (ಭೂಮಿತಾಯಿಗೆ ಎಡೆ) ಬೀರಿ ಬಂದ ಮೇಲೆ ಈ ಕೆಲಸ ಶುರು. ತಡ ಮಾಡಿದರೆ ಅಡಿಕೆ ಗೊನೆಯ ಕೊಯ್ಲು ಬಂದುಬಿಡುತ್ತದೆ. ಆಮೇಲೆ ಆಳು ಸಿಗುವುದಿಲ್ಲ.

ಯಾವುದರಿಂದ ಮುಚ್ಚುವುದು ಅನ್ನುವುದೇ ಪ್ರಶ್ನೆ. ಮೂರು ವರ್ಷದ ಹಿಂದೆ ಅಕ್ಕಪಕ್ಕದ ಮೂರು ಸಾಲು ಆರಿಸಿಕೊಂಡೆ. ಸಾಲಿಗೆ 20 ಮರ. ಒಂದೇ ವಯಸ್ಸು, ಒಂದೇ ಇಳಿಜಾರು. ಒಂದಕ್ಕೆ ಕಾಡಿನ ದರಗು, ಅಂದರೆ ಉದುರಿದ ಒಣ ಎಲೆ. ಇನ್ನೊಂದಕ್ಕೆ ಸೋಗೆ, ಅಂದರೆ ಅಡಿಕೆ ಮರದ್ದೇ ಗರಿ. ಮತ್ತೊಂದಕ್ಕೆ ಅಡಿಕೆ ಸಿಪ್ಪೆ. ಪಕ್ಕದಲ್ಲಿ ಐದು ಮರ ಬರೀ ಬುಡ ಬಿಟ್ಟೆ, ಹೋಲಿಸಿ ನೋಡಲು. ಗೊಬ್ಬರ ಎಲ್ಲಕ್ಕೂ ಒಂದೇ ಲೆಕ್ಕ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ, ಜೊತೆಗೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ. ನಾನು ಹಸಿರೆಲೆಯ ಬದಲು ಹೊದಿಕೆಯನ್ನೇ ಲೆಕ್ಕಕ್ಕೆ ಹಿಡಿದೆ.

ಮೊದಲು ದರಗು. ಅಪ್ಪನ ಕಾಲದಿಂದ ಬಂದದ್ದು ಇದೇ. ಮತ್ತಿ, ಹೊನ್ನೆ, ನಂದಿ, ಹೀಗೆ ಹತ್ತಾರು ಮರದ ಎಲೆ ಸೇರಿದ ದರಗು ಮೆತ್ತಗೆ ಕೂರುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಕರಗಿ ಮಣ್ಣಾಗಿರುತ್ತದೆ. ಕೈ ಹಾಕಿದರೆ ಎರೆಹುಳ ಸಿಗುತ್ತದೆ. ಮಣ್ಣಿನ ವಿಷಯದಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ಅಕೇಶಿಯಾ ತೋಪಿನ ಎಲೆಯನ್ನು ಇದರ ಜೊತೆ ಎಣಿಸಬೇಡಿ. ಅದು ಚರ್ಮದ ಹಾಗೆ ದಪ್ಪ, ಎರಡನೇ ಮಳೆಗಾಲಕ್ಕೂ ಎಲೆ ಎಲೆಯಾಗಿಯೇ ಸಿಗುತ್ತದೆ.

ದರಗಿನ ಕಷ್ಟ ತರುವುದರಲ್ಲಿದೆ. ದರಗು ಚೆನ್ನಾಗಿ ಬೀಳುವುದು ಚಳಿ ಮುಗಿಯುವಾಗ. ಅಂದರೆ ಈಗ ಬೇಕಾದ ದರಗನ್ನು ಹಿಂದಿನ ಮಾರ್ಚ್‌ನಲ್ಲೇ ಗುಡಿಸಿ, ಮಾಡಿನ ಕೆಳಗೆ ಒಟ್ಟಿಟ್ಟಿರಬೇಕು. ಗುಡಿಸಲು ಜನ ಬೇಕು, ಹೊರಲು ಜನ ಬೇಕು. ಇನ್ನೊಂದು ಮಾತು ನನ್ನ ಮನಸ್ಸನ್ನು ಕೊರೆಯುತ್ತದೆ. ಬೆಟ್ಟದ ಎಲೆ ಬೆಟ್ಟದ ಮಣ್ಣಿಗೂ ಬೇಕಲ್ವಾ? ಪ್ರತಿ ವರ್ಷ ಗುಡಿಸಿದ ಜಾಗದಲ್ಲಿ ಮಳೆ ನೀರು ಕೆಂಪಗೆ ಹರಿಯುವುದನ್ನು ನಾನೇ ನೋಡಿದ್ದೇನೆ.

ಸೋಗೆ ಹಾಗಲ್ಲ, ತೋಟದಲ್ಲೇ ಬೀಳುತ್ತದೆ. ಒಂದು ಮರ ವರ್ಷಕ್ಕೆ 5-6 ಸೋಗೆ ಉದುರಿಸುತ್ತದೆ. ಬುಡದ ಅಗಲ ಹಾಳೆ ಬಿಡಿಸಿ, ಉಳಿದದ್ದನ್ನು ಯಂತ್ರದಲ್ಲಿ ಕತ್ತರಿಸಿ ಹಾಕಿದೆ. ಇಡೀ ಸೋಗೆ ಅಡ್ಡ ಹಾಕಿದರೆ ಕೆಳಗೆ ಗಾಳಿ ಆಡಿ ಮಣ್ಣು ಬೇಗ ಒಣಗುತ್ತದೆ. ಕತ್ತರಿಸಿದರೆ ಕೂರುತ್ತದೆ. ಮೊದಲ ವರ್ಷ ತೃಪ್ತಿಯಾಯಿತು. ಎರಡನೇ ವರ್ಷ ನಮ್ಮ ಕಡೆಗೂ ಎಲೆಚುಕ್ಕಿ ರೋಗ ಬಂತು. ಆ ಶಿಲೀಂಧ್ರ ಉದುರಿದ ಎಲೆಯ ಮೇಲೂ ಬದುಕಿರುತ್ತದೆ. ಚುಕ್ಕಿ ಬಿದ್ದ ಸೋಗೆಯನ್ನು ಕತ್ತರಿಸಿ ಬುಡಕ್ಕೇ ಹಾಕುವುದು ಅಂದರೆ ರೋಗವನ್ನು ಮರದ ಕೆಳಗೆ ನಾವೇ ಸಾಕಿದ ಹಾಗೆ. ಆ ಸಾಲಿನ ಸೋಗೆಯನ್ನೆಲ್ಲ ತೆಗೆದು ತೋಟದ ಹೊರಗೆ ಸುಟ್ಟೆ. ಎರಡು ದಿನದ ಕೆಲಸ, ಸಂಕಟವಾಯಿತು. ನಿಮ್ಮ ತೋಟದಲ್ಲಿ ರೋಗ ಇಲ್ಲದಿದ್ದರೆ ಸೋಗೆ ಹಾಕಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಚುಕ್ಕಿ ಕಾಣುತ್ತಿರುವವರು ಬೇಡವೇ ಬೇಡ.

ಇನ್ನು ಸಿಪ್ಪೆ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ತಪ್ಪು ಮಾಡಿ ಕಲಿತದ್ದು ಇಲ್ಲಿ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಸುಲಿಯುವ ಯಂತ್ರ ಬಂದ ಮೇಲೆ ಅದು ರಾಶಿ ರಾಶಿ ಬೀಳುತ್ತದೆ. ಮಲೆನಾಡಿನ ಯಾವ ರಸ್ತೆಯಲ್ಲಿ ಹೋದರೂ ಬದಿಯಲ್ಲಿ ಸುರಿದ ಸಿಪ್ಪೆ ಕಾಣುತ್ತದೆ, ಬೇಸಿಗೆಯಲ್ಲಿ ಹೊಗೆಯಾಡುತ್ತಿರುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲ ವರ್ಷ ಸುಲಿದ ವಾರದಲ್ಲೇ ಹಸಿ ಸಿಪ್ಪೆ ತಂದು ಬುಡಕ್ಕೆ ಸುರಿದೆ, ಮಣ್ಣಿಗೂ ಒಂದಿಷ್ಟು ಬೆರೆಸಿದೆ. ರಾಶಿ ಒಳಗೆ ಕಾವು ಬಂತು, ಹುಳಿ ವಾಸನೆ ಬಂತು. ಜನವರಿಗೆ ಆ ಸಾಲಿನ ಮರಗಳ ಎಲೆ ಹಳದಿಗೆ ತಿರುಗಿತು. ನಾರು ಕೊಳೆಯಬೇಕಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅದನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಮರಕ್ಕೆ ಕೊರತೆ ಬೀಳುತ್ತದೆ. ಎರಡನೇ ವರ್ಷ ಬೇರೆ ದಾರಿ ಹಿಡಿದೆ. ಹಿಂದಿನ ಹಂಗಾಮಿನ ಸಿಪ್ಪೆಯನ್ನು ತೋಟದ ಮೂಲೆಯಲ್ಲಿ ಪದರ ಪದರವಾಗಿ ಒಟ್ಟಿ, ಪ್ರತಿ ಪದರಕ್ಕೂ ಸಗಣಿ ನೀರು ಹೊಯ್ದು, ಮೇಲೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಹಾಕಿ ಒಂದು ಮಳೆಗಾಲ ಬಿಟ್ಟಿದ್ದೆ. ಅಕ್ಟೋಬರ್‌ಗೆ ಕಪ್ಪಗೆ, ಮುರಿದರೆ ಮುರಿಯುವ ಹಾಗೆ ಆಗಿತ್ತು. ಅದನ್ನು ಮಣ್ಣಿಗೆ ಬೆರೆಸದೆ ಮೇಲೆ ಗೇಣುದ್ದ ಹರಡಿದೆ. ಎಲೆ ಹಳದಿಯಾಗಲಿಲ್ಲ.

ಏಪ್ರಿಲ್‌ನಲ್ಲಿ ನಾಲ್ಕೂ ಕಡೆ ಅರ್ಧ ಅಡಿ ಅಗೆದು ಮಣ್ಣು ಹಿಂಡಿ ನೋಡಿದೆ. ಬರೀ ಬುಡದಲ್ಲಿ ಸ್ಪ್ರಿಂಕ್ಲರ್ ಹಾಕಿದ ನಾಲ್ಕನೇ ದಿನ ಮಣ್ಣು ಪುಡಿ. ಸೋಗೆ ಸಾಲು ಆರು ದಿನ ತಡೆಯಿತು, ದರಗು ಏಳು. ಹಳೆ ಸಿಪ್ಪೆಯ ಕೆಳಗೆ ಎಂಟನೇ ದಿನವೂ ಉಂಡೆ ಕಟ್ಟುತ್ತಿತ್ತು. ಕಳೆಯೂ ಸಿಪ್ಪೆಯ ಸಾಲಿನಲ್ಲೇ ಕಡಿಮೆ. ಒಂದೇ ತೊಂದರೆ, ಎರೆಹುಳಕ್ಕಾಗಿ ಕಾಡುಹಂದಿ ಬಂದು ಕೆದರಿದ್ದು. ಅದು ದರಗಿನ ಸಾಲನ್ನೂ ಬಿಡಲಿಲ್ಲ.

ಕಾಳುಮೆಣಸು ಬಳ್ಳಿ ಇರುವ ಮರಗಳಿಗೆ ಮಾತ್ರ ಒಂದು ಎಚ್ಚರಿಕೆ. ಬಳ್ಳಿಯ ಬುಡಕ್ಕೆ ಹೊದಿಕೆ ತಾಗಿಸಬೇಡಿ, ಒಂದು ಗೇಣು ಬಿಡಿ. ಮೇ ಕೊನೆಗೆ ಆ ಭಾಗದ್ದನ್ನು ಇನ್ನೂ ಸರಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬುಡ ಸದಾ ಒದ್ದೆಯಾಗಿ ಸೊರಗು ರೋಗಕ್ಕೆ ದಾರಿ. ನನ್ನ ಎರಡು ಬಳ್ಳಿ ಹೋಗಿದ್ದು ಹೀಗೇ.

ಮಣ್ಣಿನ ಹದಕ್ಕೆ ದರಗೇ ಮೇಲು ಅಂತ ಈಗಲೂ ಅನ್ನುತ್ತೇನೆ. ಆದರೆ ಇಡೀ ತೋಟಕ್ಕೆ ನಾನು ಆರಿಸಿಕೊಂಡದ್ದು ಒಂದು ಮಳೆಗಾಲ ಕಂಡ ಸಿಪ್ಪೆ. ಬೆಟ್ಟಕ್ಕೆ ಕೈ ಹಾಕದೆ, ನಮ್ಮದೇ ಅಂಗಳದಲ್ಲಿ ಸಿಗುವುದು ಅದೊಂದೇ. ದರಗನ್ನು ಹೊಸದಾಗಿ ನೆಟ್ಟ ಸಸಿಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ, ಮನೆ ಹಿಂದಿನ ಮರಗಳಿಂದ ಬಿದ್ದಷ್ಟು. ಈ ಸಲ ಪಕ್ಕದ ಮನೆಯವರೂ ಸಿಪ್ಪೆಯನ್ನು ರಸ್ತೆಗೆ ಸುರಿಯುವುದಿಲ್ಲ ಅಂದಿದ್ದಾರೆ. ಅವರ ರಾಶಿಗೆ ಬೇಕಾದ ಸಗಣಿ ನಮ್ಮ ಕೊಟ್ಟಿಗೆಯಿಂದ ಕೊಡುತ್ತೇನೆ. ಸ್ವಾತಿ ಮಳೆ ಒಂದು ಬಿದ್ದು ನಿಂತರೆ ಕೆಳಗಿನ ಸಾಲಿನಿಂದ ಹೊರಲು ಶುರು ಮಾಡಬೇಕು.